ಔಷಧೀಯ ಎಲೆಗಳ ಒಣಗಿಸುವಿಕೆ: ತೂಕದ ಲೆಕ್ಕ ಮತ್ತು ಗುಣದ ಲೆಕ್ಕ

ಔಷಧೀಯ ಸಸ್ಯಗಳ ಎಲೆಗಳನ್ನು ಹಸಿಯಾಗಿ ಕೊಂಡು, ಒಣಗಿಸಿ, ಪುಡಿ ಮಾಡಿ ಮಾರುವ ವಹಿವಾಟು ನಮ್ಮ ರಾಜ್ಯದ ಸಣ್ಣ ಉದ್ಯಮಿಗಳಿಗೆ ಹೊಸದಲ್ಲ. ನುಗ್ಗೆ ಸೊಪ್ಪು, ತುಳಸಿ, ಒಂದೆಲಗ, ನೆಲನೆಲ್ಲಿ, ನೆಲಬೇವು ಮುಂತಾದವು ಈ ವರ್ಗದ ಪರಿಚಿತ ಸರಕುಗಳು. ಈ ವ್ಯಾಪಾರ ಬಹುಕಾಲ ತೂಕ ಮತ್ತು ಬಣ್ಣ ಇವೆರಡರ ಆಧಾರದ ಮೇಲೆಯೇ ನಡೆದುಬಂದಿತು. ಕೈಯಲ್ಲಿ ಹಿಡಿದಾಗ ಎಲೆ ಪುಡಿಯಾಗಬೇಕು, ಮೂಗಿಗೆ ಬೂಷ್ಟಿನ ವಾಸನೆ ಬರಬಾರದು, ಕಣ್ಣಿಗೆ ಹಸಿರಾಗಿ ಕಾಣಬೇಕು. ಇಷ್ಟಾದರೆ ಬೆಲೆ ನಿಗದಿಯಾಗುತ್ತಿತ್ತು. ಈಗ ದೊಡ್ಡ ಖರೀದಿದಾರರು, ವಿಶೇಷವಾಗಿ ರಫ್ತುದಾರರು ಮತ್ತು ಸಾರ ತೆಗೆಯುವ ಕಾರ್ಖಾನೆಗಳು, ಸರಕಿನೊಡನೆ ಪ್ರಯೋಗಾಲಯದ ವರದಿಯನ್ನೂ ಕೇಳುತ್ತಾರೆ. ಆ ವರದಿಯಲ್ಲಿ ಆಂಟಿಆಕ್ಸಿಡೆಂಟ್, ಅಂದರೆ ಉತ್ಕರ್ಷಣ ನಿರೋಧಕ ಗುಣದ ಅಂಕಿಯೂ ಇರುತ್ತದೆ. ಒಂದೇ ಹೊಲದ ಒಂದೇ ದಿನದ ಎಲೆ ಒಣಗಿಸಿದ ವಿಧಾನದಿಂದಾಗಿಯೇ ಎರಡು ಬೇರೆ ಬೇರೆ ಅಂಕಿಗಳನ್ನು ಪಡೆಯಬಹುದು ಎಂಬ ಸಂಗತಿ ಅನೇಕರಿಗೆ ತಿಳಿಯುವುದು ಸರಕು ತಿರಸ್ಕೃತವಾಗಿ ಮರಳಿ ಬಂದಾಗ.

ಒಣಗಿಸುವಿಕೆಯನ್ನು ಲೆಕ್ಕಪುಸ್ತಕದಲ್ಲಿ ಕೂಲಿ ಅಥವಾ ವಿದ್ಯುತ್ ವೆಚ್ಚದ ಒಂದು ಸಾಲಾಗಿ ಮಾತ್ರ ಬರೆಯುವುದು ವಾಡಿಕೆ. ಆದರೆ ಈ ಹಂತದಲ್ಲಿ ಎಲೆಯಿಂದ ನೀರಿನ ಜೊತೆಗೆ ಮತ್ತೇನು ಹೋಗುತ್ತದೆ ಎಂಬುದು ಯಾವ ಸಾಲಿನಲ್ಲಿಯೂ ದಾಖಲಾಗುವುದಿಲ್ಲ. ಈ ಲೇಖನದಲ್ಲಿ ಆ ದಾಖಲಾಗದ ನಷ್ಟವನ್ನು ಗುರುತಿಸುವ ಬಗೆಯನ್ನು ವಿವರಿಸಲಾಗಿದೆ.

ಎಲೆಯೊಳಗೆ ನಡೆಯುವುದೇನು?

ಬದನೆಕಾಯಿಯನ್ನು ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುವುದನ್ನು ಪ್ರತಿ ಮನೆಯ ಅಡುಗೆಮನೆಯಲ್ಲಿ ಕಾಣಬಹುದು. ಕಾಯಿಯ ಜೀವಕೋಶಗಳು ಒಡೆದಾಗ ಅದರಲ್ಲಿರುವ ಫಿನಾಲ್ ವರ್ಗದ ಪದಾರ್ಥಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಬದಲಾಗುತ್ತವೆ. ಈ ಕೆಲಸವನ್ನು ನಡೆಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಎಲೆಯಲ್ಲಿಯೂ ಇದೇ ಕ್ರಿಯೆ ನಡೆಯುತ್ತದೆ. ಎಲೆಯ ಉತ್ಕರ್ಷಣ ನಿರೋಧಕ ಗುಣದ ಬಹುಪಾಲು ಈ ಫಿನಾಲ್ ಮತ್ತು ಫ್ಲೇವನಾಯ್ಡ್ ಪದಾರ್ಥಗಳಿಂದಲೇ ಬರುತ್ತದೆ. ಸಿ ಜೀವಸತ್ವ ಮತ್ತು ಕೆರೋಟಿನ್‌ಗಳ ಪಾಲೂ ಇದೆ. ಕಿತ್ತ ಎಲೆ ಬಾಡತೊಡಗಿದ ಕ್ಷಣದಿಂದ ಕಿಣ್ವದ ಕೆಲಸ ಆರಂಭವಾಗುತ್ತದೆ. ಎಲೆಯಲ್ಲಿನ ನೀರು ಸಾಕಷ್ಟು ಕಡಿಮೆಯಾದಾಗ ಅಥವಾ ಶಾಖದಿಂದ ಕಿಣ್ವವೇ ನಾಶವಾದಾಗ ಮಾತ್ರ ಅದು ನಿಲ್ಲುತ್ತದೆ.

ಚಹಾ ಉದ್ಯಮ ಈ ಸಂಗತಿಯನ್ನು ಬಹಳ ಹಿಂದೆಯೇ ಬಂಡವಾಳವಾಗಿ ಮಾಡಿಕೊಂಡಿದೆ. ಒಂದೇ ಗಿಡದ ಎಲೆಯನ್ನು ಬಾಡಿಸಿ, ಹೊಸೆದು, ಕಿಣ್ವ ಕೆಲಸ ಮಾಡಲು ಬಿಟ್ಟರೆ ಕಪ್ಪು ಚಹಾ. ಮೊದಲೇ ಹಬೆಗೆ ಅಥವಾ ಕಾದ ಬಾಣಲೆಗೆ ಒಡ್ಡಿ ಕಿಣ್ವವನ್ನು ಕೊಂದರೆ ಹಸಿರು ಚಹಾ. ಹಸಿರು ಚಹಾದಲ್ಲಿ ಉಳಿಯುವ ಕ್ಯಾಟೆಚಿನ್‌ಗಳು ಕಪ್ಪು ಚಹಾದಲ್ಲಿ ಬಹುಮಟ್ಟಿಗೆ ಬೇರೆ ಪದಾರ್ಥಗಳಾಗಿ ಮಾರ್ಪಡುತ್ತವೆ. ಚಹಾ ತಯಾರಕ ಇದನ್ನು ಬೇಕೆಂದೇ ಮಾಡುತ್ತಾನೆ. ಔಷಧೀಯ ಎಲೆಯ ವ್ಯಾಪಾರಿ ಗೋಣಿಚೀಲದಲ್ಲಿ ಹಸಿ ಎಲೆಯನ್ನು ಒತ್ತಿ ತುಂಬಿ, ರಾತ್ರಿಯಿಡೀ ಲಾರಿಯಲ್ಲಿ ಬಿಸಿಯೇರಲು ಬಿಟ್ಟಾಗ ಅದೇ ಕ್ರಿಯೆಯನ್ನು ಬೇಡದೆಯೇ ಮಾಡಿಸಿರುತ್ತಾನೆ. ಅಂತಹ ಎಲೆಗೆ ಮರುದಿನ ಎಷ್ಟೇ ಉತ್ತಮ ಯಂತ್ರ ಬಳಸಿದರೂ ಕಳೆದದ್ದು ಮರಳುವುದಿಲ್ಲ.

ಕಿಣ್ವದ ಜೊತೆಗೆ ಇನ್ನೆರಡು ಶತ್ರುಗಳಿವೆ: ಶಾಖ ಮತ್ತು ಬೆಳಕು. ಸಿ ಜೀವಸತ್ವ ಶಾಖಕ್ಕೂ ಗಾಳಿಗೂ ಸುಲಭವಾಗಿ ತುತ್ತಾಗುತ್ತದೆ. ನೇರ ಬಿಸಿಲಿನಲ್ಲಿ ಪತ್ರಹರಿತ್ತು ಮತ್ತು ಕೆರೋಟಿನ್ ಬಣ್ಣಗೆಡುತ್ತವೆ. ಬಿಸಿಲಿಗೆ ಹಾಕಿದ ಸೊಪ್ಪು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಆ ನಷ್ಟದ ಒಂದು ಭಾಗ ಬರಿಗಣ್ಣಿಗೇ ಕಂಡಂತೆ.

ಇಲ್ಲಿಯೇ ತೊಡಕು ಇರುವುದು. ಕಿಣ್ವವನ್ನು ಬೇಗ ನಿಲ್ಲಿಸಲು ಶಾಖ ಬೇಕು. ಶಾಖ ಹೆಚ್ಚಾದರೆ ಪದಾರ್ಥವೇ ಕೆಡುತ್ತದೆ. ನೆರಳಿನಲ್ಲಿ ಒಣಗಿಸಿದರೆ ಶಾಖ ಮತ್ತು ಬೆಳಕಿನ ಹಾನಿ ತಪ್ಪುತ್ತದೆ, ಆದರೆ ಒಣಗಲು ಮೂರು ನಾಲ್ಕು ದಿನ ಹಿಡಿದರೆ ಅಷ್ಟು ಕಾಲ ಕಿಣ್ವಕ್ಕೆ ಬಿಡುವು ಕೊಟ್ಟಂತಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಲ್ಲಿಯೇ ತೇವ ತುಂಬಿರುವಾಗ ನೆರಳಿನಲ್ಲಿ ಹರಡಿದ ಎಲೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಬಾಗಲಕೋಟೆ, ರಾಯಚೂರು ಕಡೆಯ ಬೇಸಿಗೆಯ ಒಣ ಗಾಳಿಯಲ್ಲಿ ಅದೇ ನೆರಳು ಬಹಳ ಬೇಗ ಕೆಲಸ ಮುಗಿಸುತ್ತದೆ. ಆದ್ದರಿಂದ ನೆರಳಿನಲ್ಲಿ ಒಣಗಿಸಿದ್ದು ಎಂಬ ಒಂದೇ ಹೆಸರಿನಡಿ ಮಾರಾಟವಾಗುವ ಎರಡು ಸರಕುಗಳು ಗುಣದಲ್ಲಿ ಒಂದೇ ಆಗಿರಬೇಕಿಲ್ಲ.

ಸಂಶೋಧನೆಗಳು ಹೇಳುವುದು

ಯಾವ ವಿಧಾನ ಶ್ರೇಷ್ಠ ಎಂದು ಕೇಳುವ ಉದ್ಯಮಿಗೆ ವಿಜ್ಞಾನಿಗಳು ಒಂದೇ ಉತ್ತರ ಕೊಡುವುದಿಲ್ಲ. ಇದಕ್ಕೆ ಕಾರಣವಿದೆ.

ನಮ್ಮ ಹೊಲಗಳಲ್ಲಿ ಕಳೆಯಂತೆ ಬೆಳೆಯುವ ನೆಲನೆಲ್ಲಿಯ ಮೇಲೆ ಮಲೇಷ್ಯಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಣಗಿಸುವಿಕೆಯಿಂದ ಉತ್ಕರ್ಷಣ ನಿರೋಧಕ ಗುಣ ಕುಗ್ಗಿದ್ದು ಕಂಡುಬಂದಿತು. ಅತಿ ಹೆಚ್ಚು ಕುಸಿತ ಮೈಕ್ರೋವೇವ್‌ನಲ್ಲಿ ಒಣಗಿಸಿದಾಗ ಆಯಿತು. ಕುದಿಯುವ ನೀರಿನಿಂದ ಸಾರ ತೆಗೆದಾಗ ಒಣ ಸರಕಿನಿಂದಲೂ ಹೆಚ್ಚು ಬಲವಾದ ಸಾರ ದೊರೆಯಿತು ಎಂಬುದೂ ಅದೇ ಅಧ್ಯಯನದ ಫಲಿತಾಂಶ. ಕಷಾಯ ಕುದಿಸಿ ಕುಡಿಯುವ ನಮ್ಮ ಹಳೆಯ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ.

ಶುಂಠಿ ಕುಟುಂಬದ ಸಸ್ಯಗಳ ಎಲೆಗಳ ಮೇಲೆ ಅದೇ ದೇಶದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೈಕ್ರೋವೇವ್, ಓವನ್ ಮತ್ತು ಬಿಸಿಲು ಈ ಮೂರೂ ಫಿನಾಲ್ ಪ್ರಮಾಣವನ್ನು ತೀವ್ರವಾಗಿ ತಗ್ಗಿಸಿದವು. ಎಲೆಯನ್ನು ಹಿಮಗಟ್ಟಿಸಿ ನಿರ್ವಾತದಲ್ಲಿ ನೀರು ತೆಗೆಯುವ ಫ್ರೀಜ್ ಡ್ರೈಯಿಂಗ್ ವಿಧಾನ ಮಾತ್ರ ಗುಣವನ್ನು ಉಳಿಸಿತು. ಇಷ್ಟನ್ನೇ ಓದಿದವರು ಫ್ರೀಜ್ ಡ್ರೈಯರ್ ಕೊಳ್ಳಲು ಬ್ಯಾಂಕಿಗೆ ಅರ್ಜಿ ಹಾಕಬಹುದು. ಅವರು ಅವಸರಪಡಬಾರದು. ಒಂದೆಲಗದ ಮೇಲೆ 2009ರಲ್ಲಿ ಪ್ರಕಟವಾದ ಮತ್ತೊಂದು ಮಲೇಷ್ಯಾ ಅಧ್ಯಯನದಲ್ಲಿ ಓವನ್‌ನ ಬಿಸಿಗಾಳಿಯಲ್ಲಿ ಫ್ಲೇವನಾಯ್ಡ್‌ಗಳು ಬಹುತೇಕ ಪೂರ್ತಿ ನಾಶವಾದವು, ನಿಜ. ಆದರೆ ಫ್ರೀಜ್ ಡ್ರೈಯಿಂಗ್‌ನಲ್ಲಿಯೂ ಸುಮಾರು ಮುಕ್ಕಾಲು ಪಾಲು ಹೋಯಿತು. ಹಿಮಗಟ್ಟಿಸುವುದರಿಂದ ಕಿಣ್ವ ಸಾಯುವುದಿಲ್ಲ, ನಿದ್ರಿಸುತ್ತದೆ. ತೇವ ಸಿಕ್ಕರೆ ಮತ್ತೆ ಏಳುತ್ತದೆ.

ಇನ್ನು ಐರ್ಲೆಂಡಿನ ಅನುಭವ ಇದಕ್ಕೆ ತದ್ವಿರುದ್ಧ. ತುಳಸಿಯ ಕುಟುಂಬಕ್ಕೆ ಸೇರಿದ ರೋಸ್‌ಮೆರಿ, ಓರೆಗಾನೋ, ಬೇಸಿಲ್ ಮೊದಲಾದ ಆರು ಗಿಡಮೂಲಿಕೆಗಳನ್ನು ಅಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ, ಸಾಮಾನ್ಯ ಗಾಳಿಯಲ್ಲಿ ಒಣಗಿಸಿದ ಎಲೆಗಳಲ್ಲಿಯೇ ಫಿನಾಲ್ ಮತ್ತು ಉತ್ಕರ್ಷಣ ನಿರೋಧಕ ಗುಣ ಹೆಚ್ಚಾಗಿತ್ತು. ಫ್ರೀಜ್ ಡ್ರೈಯಿಂಗ್ ಅದಕ್ಕಿಂತ ಕೆಳಗೆ, ಹಸಿ ಎಲೆ ಎಲ್ಲಕ್ಕಿಂತ ಕೆಳಗೆ. ಅತಿ ಅಗ್ಗದ ವಿಧಾನವೇ ಮೊದಲ ಸ್ಥಾನ ಪಡೆದ ಉದಾಹರಣೆ ಇದು.

ಇದರಿಂದ ವ್ಯಾಪಾರಿ ತಿಳಿಯಬೇಕಾದದ್ದು ಸ್ಪಷ್ಟವಾಗಿದೆ. ಒಂದು ಎಲೆಗೆ ಸರಿಹೊಂದಿದ ವಿಧಾನವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು. ಪ್ರತಿ ಎಲೆಯನ್ನೂ ತನ್ನ ಊರಿನ ಹವೆಯಲ್ಲಿ, ತನ್ನ ಯಂತ್ರದಲ್ಲಿ ಎರಡು ಮೂರು ಬಗೆಯಾಗಿ ಒಣಗಿಸಿ, ಒಂದೇ ಪ್ರಯೋಗಾಲಯದಲ್ಲಿ ಒಟ್ಟಿಗೆ ಪರೀಕ್ಷೆ ಮಾಡಿಸಿ ನೋಡುವುದೇ ಮಾರ್ಗ. ಈ ಪರೀಕ್ಷೆಗೆ ತಗಲುವ ಶುಲ್ಕ ಒಂದು ತಿರಸ್ಕೃತ ಲೋಡಿನ ಬಾಡಿಗೆಗಿಂತ ಹೆಚ್ಚಾಗದು. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಂತಹ ಸಂಸ್ಥೆ ಹತ್ತಿರದಲ್ಲಿಯೇ ಇರುವುದು ನಮ್ಮ ರಾಜ್ಯದ ಉದ್ಯಮಿಗಳ ಭಾಗ್ಯ.

ವರದಿಯ ಅಂಕಿಗಳನ್ನು ಓದುವ ಬಗೆ

ಆಯವ್ಯಯ ಪತ್ರವನ್ನು ಗಂಟೆಗಟ್ಟಲೆ ಪರಿಶೀಲಿಸುವ ಉದ್ಯಮಿಗಳೂ ಪ್ರಯೋಗಾಲಯದ ವರದಿಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುವುದುಂಟು. ಅದನ್ನು ಓದಲು ರಸಾಯನಶಾಸ್ತ್ರದ ಪದವಿ ಬೇಕಿಲ್ಲ. ಯಾವ ಅಂಕಿಗೆ ಯಾವುದು ಆಧಾರ ಎಂದು ಕೇಳುವ ಲೆಕ್ಕಿಗನ ಅಭ್ಯಾಸ ಸಾಕು.

ಸಾಮಾನ್ಯವಾಗಿ ಎರಡು ಪರೀಕ್ಷೆಗಳು ವರದಿಯಲ್ಲಿರುತ್ತವೆ. ಮೊದಲನೆಯದು ಒಟ್ಟು ಫಿನಾಲ್ ಪ್ರಮಾಣ. ಇದನ್ನು ಒಂದು ಗ್ರಾಂ ಸರಕಿಗೆ ಇಷ್ಟು ಮಿಲಿಗ್ರಾಂ ಗ್ಯಾಲಿಕ್ ಆಮ್ಲಕ್ಕೆ ಸಮ ಎಂದು ಬರೆಯುತ್ತಾರೆ. ಎರಡನೆಯದು ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್ ಎಂಬುದು ನೇರಳೆ ಬಣ್ಣದ ಒಂದು ರಾಸಾಯನಿಕ. ಎಲೆಯ ಸಾರವನ್ನು ಸೇರಿಸಿದಾಗ ಅದರ ಬಣ್ಣ ಎಷ್ಟು ಮಾಸುತ್ತದೆ ಎಂಬುದರಿಂದ ಸಾರದ ಬಲವನ್ನು ಅಳೆಯುತ್ತಾರೆ. ಇದರ ಫಲಿತಾಂಶವನ್ನು ಅನೇಕ ವೇಳೆ ಐಸಿ-50 ಎಂದು ಕೊಡುತ್ತಾರೆ, ಅಂದರೆ ಡಿಪಿಪಿಎಚ್‌ನ ಅರ್ಧದಷ್ಟನ್ನು ತಟಸ್ಥಗೊಳಿಸಲು ಬೇಕಾದ ಸಾರದ ಪ್ರಮಾಣ. ಈ ಅಂಕಿ ಕಡಿಮೆಯಾದಷ್ಟೂ ಸರಕು ಉತ್ತಮ. ಹೆಚ್ಚಿನ ಅಂಕಿಯೇ ಮೇಲು ಎಂದು ಭಾವಿಸಿ ಕೀಳು ಸರಕಿಗೆ ಮೇಲು ಬೆಲೆ ತೆರುವ ತಪ್ಪು ಇಲ್ಲಿ ಸುಲಭವಾಗಿ ಆಗಬಹುದು.

ಇದಕ್ಕಿಂತ ದೊಡ್ಡ ಮೋಸ ತೇವಾಂಶದ ಲೆಕ್ಕದಲ್ಲಿದೆ. ಮೋಸ ಎಂದರೆ ಯಾರೋ ಬೇಕೆಂದು ಮಾಡಿದ್ದೇ ಆಗಬೇಕಿಲ್ಲ. ಅಂಕಿಯೇ ಓದುಗನನ್ನು ಮೋಸಗೊಳಿಸುತ್ತದೆ. ನುಗ್ಗೆ ಸೊಪ್ಪಿನ ಉದಾಹರಣೆ ತೆಗೆದುಕೊಳ್ಳೋಣ. ಹಸಿ ನುಗ್ಗೆ ಎಲೆಯಲ್ಲಿ ತೇವಾಂಶ ಸುಮಾರು ಶೇ. 76, ಉಳಿದ ಶೇ. 24 ಮಾತ್ರ ಒಣ ಪದಾರ್ಥ. ಹಸಿ ಎಲೆಯ ಒಂದು ಗ್ರಾಂನಲ್ಲಿ ಫಿನಾಲ್ 10 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಅದನ್ನು ಒಣಗಿಸಿ ಶೇ. 7 ತೇವಾಂಶಕ್ಕೆ ತಂದ ಪುಡಿಯಲ್ಲಿ ಪರೀಕ್ಷಿಸಿದಾಗ ಗ್ರಾಂಗೆ 25 ಮಿಲಿಗ್ರಾಂ ಬಂತು. ಪುಡಿಯಲ್ಲಿ ಹಸಿ ಎಲೆಗಿಂತ ಎರಡೂವರೆ ಪಟ್ಟು ಹೆಚ್ಚು ಆಂಟಿಆಕ್ಸಿಡೆಂಟ್ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಲು ಯಾರಿಗಾದರೂ ಮನಸ್ಸಾಗುತ್ತದೆ. ಈಗ ಎರಡನ್ನೂ ಒಣ ತೂಕದ ಆಧಾರಕ್ಕೆ ತರಬೇಕು. ಹಸಿ ಎಲೆಯ 10ನ್ನು 0.24ರಿಂದ ಭಾಗಿಸಿದರೆ 41.7. ಪುಡಿಯ 25ನ್ನು 0.93ರಿಂದ ಭಾಗಿಸಿದರೆ 26.9. ಅಂದರೆ ಎರಡೂವರೆ ಪಟ್ಟು ಹೆಚ್ಚಾಯಿತೆಂದು ಸಂತೋಷಪಟ್ಟ ಸರಕಿನಲ್ಲಿ ನಿಜವಾಗಿ ಶೇ. 35ರಷ್ಟು ನಾಶವಾಗಿದೆ. ನೀರು ಹೋದದ್ದರಿಂದ ಸಾಂದ್ರತೆ ಏರಿತು, ಆ ಏರಿಕೆಯ ಮರೆಯಲ್ಲಿ ನಷ್ಟ ಅಡಗಿ ಕುಳಿತಿತು. ಬೆಲೆ ಏರಿಕೆಯ ವರ್ಷದಲ್ಲಿ ಮಾರಾಟದ ಮೊತ್ತ ಹೆಚ್ಚಿತೆಂದು ಹಿಗ್ಗಿ, ಮಾರಿದ ಕ್ವಿಂಟಲ್‌ಗಳು ಕಡಿಮೆಯಾದುದನ್ನು ಗಮನಿಸದ ಅಂಗಡಿಯವನ ಸ್ಥಿತಿಯೇ ಇದು.

ಆದ್ದರಿಂದ ವರದಿಯಲ್ಲಿ ನೋಡಬೇಕಾದ ಮೊದಲ ಸಂಗತಿ, ಅಂಕಿ ಒಣ ತೂಕದ ಆಧಾರದ ಮೇಲಿದೆಯೇ ಅಥವಾ ಸರಕು ಇದ್ದ ಸ್ಥಿತಿಯ ತೂಕದ ಮೇಲಿದೆಯೇ ಎಂಬುದು. ಎರಡನೆಯದು, ಸಾರ ತೆಗೆಯಲು ಬಳಸಿದ ದ್ರಾವಕ ನೀರೋ, ಮೆಥನಾಲೋ ಅಥವಾ ಇವೆರಡರ ಮಿಶ್ರಣವೋ ಎಂಬುದು. ದ್ರಾವಕ ಬದಲಾದರೆ ಒಂದೇ ಪುಡಿಯ ಅಂಕಿ ಬದಲಾಗುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳ, ಬೇರೆ ಬೇರೆ ವಿಧಾನಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಬೆಲೆ ಚೌಕಾಸಿ ಮಾಡುವುದು ಡಾಲರನ್ನೂ ರೂಪಾಯಿಯನ್ನೂ ಪರಿವರ್ತಿಸದೆ ಕೂಡಿದಂತೆ.

ಮತ್ತೊಂದು ಸೂಕ್ಷ್ಮವಿದೆ. ಹೆಚ್ಚು ಶಾಖದಲ್ಲಿ ಒಣಗಿಸಿದಾಗ ಕೆಲವೊಮ್ಮೆ ಪರೀಕ್ಷೆಯ ಅಂಕಿ ಇಳಿಯುವ ಬದಲು ಏರುತ್ತದೆ. ಶಾಖದಿಂದ ಜೀವಕೋಶದ ಗೋಡೆಗಳು ಸಡಿಲವಾಗಿ ಅದಕ್ಕೆ ಅಂಟಿಕೊಂಡಿದ್ದ ಫಿನಾಲ್‌ಗಳು ಬಿಡುಗಡೆಯಾಗುವುದು ಒಂದು ಕಾರಣ. ಸಕ್ಕರೆ ಮತ್ತು ಪ್ರೋಟೀನುಗಳು ಶಾಖದಲ್ಲಿ ಕೂಡಿ ಕಂದು ಬಣ್ಣದ ಹೊಸ ಪದಾರ್ಥಗಳಾಗುವುದು ಇನ್ನೊಂದು. ಹುರಿದ ಕಾಫಿ ಬೀಜದ ಬಣ್ಣಕ್ಕೂ ಪರಿಮಳಕ್ಕೂ ಇದೇ ಕ್ರಿಯೆ ಮುಖ್ಯ ಕಾರಣ. ಈ ಹೊಸ ಪದಾರ್ಥಗಳೂ ಡಿಪಿಪಿಎಚ್‌ನ ಬಣ್ಣವನ್ನು ಮಾಸಿಸುತ್ತವೆ. ಆದರೆ ನೆಲಬೇವಿನ ಖರೀದಿದಾರನಿಗೆ ಬೇಕಾದದ್ದು ಆಂಡ್ರೋಗ್ರಾಫೋಲೈಡ್, ತುಳಸಿಯ ಖರೀದಿದಾರನಿಗೆ ಬೇಕಾದದ್ದು ಯೂಜೆನಾಲ್ ಮೊದಲಾದ ತೈಲಾಂಶ. ಒಟ್ಟು ಅಂಕಿ ಚೆನ್ನಾಗಿದ್ದು ಈ ಗುರುತಿನ ಪದಾರ್ಥವೇ ಇಲ್ಲದ ಸರಕು ಅವನಿಗೆ ನಿರುಪಯೋಗಿ. ಯಾವ ಪದಾರ್ಥಕ್ಕಾಗಿ ಎಲೆಯನ್ನು ಕೊಳ್ಳುತ್ತಿದ್ದೀರಿ ಎಂದು ಖರೀದಿದಾರನನ್ನು ಮೊದಲೇ ಕೇಳಿ, ಆಮೇಲೆ ಒಣಗಿಸುವ ವಿಧಾನವನ್ನು ಆರಿಸಬೇಕು. ತೈಲಾಂಶವುಳ್ಳ ಎಲೆಗಳಿಗೆ ಮಂದ ಶಾಖವೇ ಸೂಕ್ತ. ಯಂತ್ರದಿಂದ ಘಮಘಮ ವಾಸನೆ ಹೊರಗೆ ಬರುತ್ತಿದ್ದರೆ ಸರಕು ಕಾರ್ಖಾನೆಯ ಕಿಟಕಿಯಿಂದ ಹೊರಟುಹೋಗುತ್ತಿದೆ ಎಂದೇ ತಿಳಿಯಬೇಕು.

ನಷ್ಟ ಲಾಭದ ಲೆಕ್ಕ

ಈಗ ಹಣದ ಲೆಕ್ಕಕ್ಕೆ ಬರೋಣ. ಕಡ್ಡಿ ಬಿಡಿಸಿದ 100 ಕಿಲೋ ಹಸಿ ನುಗ್ಗೆ ಎಲೆಯಲ್ಲಿ 24 ಕಿಲೋ ಒಣ ಪದಾರ್ಥ. ಶೇ. 7 ತೇವಾಂಶಕ್ಕೆ ಒಣಗಿಸಿದರೆ ಸಿಗುವ ತೂಕ 25.8 ಕಿಲೋ. ಶೇ. 12ಕ್ಕೇ ನಿಲ್ಲಿಸಿದರೆ 27.3 ಕಿಲೋ. ಈ ಒಂದೂವರೆ ಕಿಲೋ ನೀರನ್ನು ಪುಡಿಯ ಬೆಲೆಗೆ ಮಾರಬಹುದೆಂಬ ಆಸೆ ಸಹಜ. ಆ ತೇವದಿಂದಲೇ ದಾಸ್ತಾನಿನಲ್ಲಿ ಬೂಷ್ಟು ಮತ್ತು ಬಣ್ಣಗೆಡುವಿಕೆ ಆರಂಭವಾಗುತ್ತದೆ. ಪಶ್ಚಿಮ ಆಫ್ರಿಕಾದ ನುಗ್ಗೆ ಉತ್ಪಾದಕರಿಗಾಗಿ 2010ರಲ್ಲಿ ಹೊರತಂದ ಕೈಪಿಡಿಯೂ ಯಂತ್ರದಲ್ಲಿ 50ರಿಂದ 55 ಡಿಗ್ರಿ ಸೆಲ್ಸಿಯಸ್ ಶಾಖವನ್ನು, ಶೇ. 10ಕ್ಕಿಂತ ಕಡಿಮೆ ತೇವಾಂಶವನ್ನು ಸೂಚಿಸುತ್ತದೆ.

ಶೇ. 7ಕ್ಕೆ ಇಳಿಸಲು ತೆಗೆಯಬೇಕಾದ ನೀರು ಸುಮಾರು 74 ಕಿಲೋ. ಒಂದು ಕಿಲೋ ನೀರನ್ನು ಆವಿಯಾಗಿಸಲು ಪ್ರಕೃತಿಯ ನಿಯಮದಂತೆ ಬೇಕಾದ ಶಕ್ತಿ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮ. ಹಾಗಾಗಿ ಕನಿಷ್ಠ 50 ಯೂನಿಟ್. ಬಿಸಿಗಾಳಿಯ ಟ್ರೇ ಡ್ರೈಯರ್‌ನಲ್ಲಿ ಅರ್ಧ ಶಾಖ ಹೊರಹೋಗುವ ಗಾಳಿಯೊಡನೆ ಪೋಲಾಗುತ್ತದೆಂದು ಹಿಡಿದರೆ 100 ಯೂನಿಟ್. ಯೂನಿಟ್‌ಗೆ 8 ರೂ. ಎಂದು ಭಾವಿಸಿದರೆ ಪುಡಿಯ ಕಿಲೋ ಒಂದಕ್ಕೆ 31 ರೂ. ವಿದ್ಯುತ್ ವೆಚ್ಚ ಬೀಳುತ್ತದೆ.

ಕೆಳಗಿನ ಬೆಲೆಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಹಸಿ ಎಲೆ ಕಿಲೋಗೆ 15 ರೂ. ಆದರೆ ಪುಡಿಯ ಕಿಲೋಗೆ ಕಚ್ಚಾ ಸಾಮಗ್ರಿ 58 ರೂ. ಬಿಸಿಲಿನಲ್ಲಿ ಒಣಗಿಸಿದರೆ ಹರಡುವ, ತಿರುವುವ, ಸಂಜೆ ಒಳಗಿಡುವ ಕೂಲಿ 18 ರೂ., ಧೂಳು, ಮಳೆ ಮತ್ತು ಕಪ್ಪಾದ ಎಲೆಯಿಂದಾಗುವ ನಷ್ಟ 7 ರೂ.; ಒಟ್ಟು 83 ರೂ. ಯಂತ್ರದಲ್ಲಿ ಕಚ್ಚಾ ಸಾಮಗ್ರಿ 58, ವಿದ್ಯುತ್ 31, ಕೂಲಿ 12. ಇದರ ಮೇಲೆ ಯಂತ್ರದ ಸ್ಥಿರ ವೆಚ್ಚ. ಮೂರು ಲಕ್ಷ ರೂ. ಯಂತ್ರಕ್ಕೆ ಹತ್ತು ವರ್ಷ ಆಯುಷ್ಯವೆಂದು ಸವಕಳಿ 30,000, ಬಡ್ಡಿ ಸರಾಸರಿ 15,000, ದುರಸ್ತಿ 10,000, ಒಟ್ಟು ವರ್ಷಕ್ಕೆ 55,000 ರೂ. ದಿನಕ್ಕೆ 100 ಕಿಲೋ ಹಸಿ ಎಲೆಯಂತೆ 200 ದಿನ ಯಂತ್ರ ನಡೆದರೆ ಕಿಲೋಗೆ 11 ರೂ.; ಒಟ್ಟು ವೆಚ್ಚ 112 ರೂ. ಅದೇ ಯಂತ್ರ ವರ್ಷಕ್ಕೆ 60 ದಿನ ಮಾತ್ರ ನಡೆದರೆ ಸ್ಥಿರ ವೆಚ್ಚವೇ 36 ರೂ. ಆಗಿ ಒಟ್ಟು 137 ರೂ. ತಲುಪುತ್ತದೆ.

ಹಾಗಾದರೆ ಯಂತ್ರದ ಸರಕಿಗೆ ಬಿಸಿಲಿನ ಸರಕಿಗಿಂತ ಎಷ್ಟು ಹೆಚ್ಚಿನ ಬೆಲೆ ಸಿಗಬೇಕು? 200 ದಿನ ನಡೆಸುವವನಿಗೆ 29 ರೂ., 60 ದಿನ ನಡೆಸುವವನಿಗೆ 54 ರೂ. ಈ ಹೆಚ್ಚುವರಿ ಬೆಲೆಯನ್ನು ಬರಹದಲ್ಲಿ ಒಪ್ಪುವ ಖರೀದಿದಾರ ಸಿಗುವವರೆಗೆ ಯಂತ್ರ ಕೊಳ್ಳುವುದು ಸಾಹಸ. ತೂಕದ ಮೇಲೆಯೇ ಕೊಳ್ಳುವ ಸ್ಥಳೀಯ ಮಾರುಕಟ್ಟೆಗೆ ಮಾತ್ರ ಮಾರುವವನಿಗೆ ಆ ಖರ್ಚು ಮರಳುವುದಿಲ್ಲ, ಗುಣ ಎಷ್ಟೇ ಉತ್ತಮವಾಗಿರಲಿ. ಯಂತ್ರ ಮಾರುವವರ ಕೈಪತ್ರಿಕೆಗಳಲ್ಲಿ ಈ ಲೆಕ್ಕ ಇರುವುದಿಲ್ಲ.

ನಡುವಿನ ದಾರಿಯೊಂದಿದೆ. ನೆರಳಿನಲ್ಲಿ ಜಾಲರಿಯ ತಟ್ಟೆಗಳನ್ನು ನೆಲದಿಂದ ಎತ್ತರಿಸಿ, ತೆಳ್ಳಗೆ ಹರಡಿ, ಫ್ಯಾನಿನಿಂದ ಗಾಳಿ ಹಾಯಿಸಿದರೆ ನೆರಳಿನ ಒಳಿತು ಉಳಿದು, ಒಣಗುವ ಕಾಲ ಬಹಳಷ್ಟು ಕಡಿಮೆಯಾಗುತ್ತದೆ. ಬರಿ ನೆಲದ ಮೇಲೆ ಹರಡಬಾರದು, ಸಾಧ್ಯವಾದೆಡೆ ನೇರ ಬಿಸಿಲು ತಪ್ಪಿಸಬೇಕು, ಪದರ ತೆಳುವಾಗಿರಬೇಕು ಎಂಬ ಸೂಚನೆಗಳು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಔಷಧೀಯ ಸಸ್ಯಗಳ ಕೃಷಿ ಮತ್ತು ಸಂಗ್ರಹಣೆಯ ಮಾರ್ಗಸೂಚಿಯಲ್ಲಿಯೂ ಇವೆ. ಮುಚ್ಚಿದ ಸೌರ ಡ್ರೈಯರ್ ಇನ್ನೊಂದು ಆಯ್ಕೆ. ಅದರಲ್ಲಿ ಎಲೆಯ ಮೇಲೆ ನೇರ ಬಿಸಿಲು ಬೀಳದ ಮಾದರಿಯನ್ನೇ ಆರಿಸಬೇಕು. ತೆರಿಗೆಯ ದೃಷ್ಟಿಯಿಂದಲೂ ಇದಕ್ಕೆ ಅನುಕೂಲವಿತ್ತು. 1962ರ ಆದಾಯ ತೆರಿಗೆ ನಿಯಮಾವಳಿಯ ಸವಕಳಿ ಪಟ್ಟಿಯಲ್ಲಿ ಬೆಳೆ ಒಣಗಿಸುವ ಸೌರ ಸಾಧನಗಳು ಸಾಮಾನ್ಯ ಯಂತ್ರಗಳ ಶೇ. 15ರ ಬದಲು ಶೇ. 40ರ ವರ್ಗದಲ್ಲಿದ್ದವು. 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ, ಆನಂತರ ಕೊಂಡ ಸಾಧನಕ್ಕೆ ಹೊಸ ನಿಯಮಗಳ ಪಟ್ಟಿಯನ್ನು ನೋಡಿಯೇ ದರ ಹಾಕಬೇಕು.

ಮಾರಾಟ ಮಾಡುವವರಿಗೆ ಮತ್ತೊಂದು ತೆರಿಗೆ ಸಂಗತಿ. 2017ರ ಜಿಎಸ್‌ಟಿ ವರ್ಗೀಕರಣದಲ್ಲಿ 1211ನೇ ಶೀರ್ಷಿಕೆಯಡಿ ಬರುವ ಔಷಧೀಯ ಸಸ್ಯ ಭಾಗಗಳು ಹಸಿಯಾಗಿದ್ದರೆ ತೆರಿಗೆಯಿಲ್ಲ, ಒಣಗಿದ್ದರೆ ಶೇ. 5. ಒಣಗಿಸಿದ ಮಾತ್ರಕ್ಕೆ ಸರಕಿನ ತೆರಿಗೆ ಸ್ಥಾನವೇ ಬದಲಾಗುತ್ತದೆ ಎಂಬುದನ್ನು ಬೆಲೆ ಹೇಳುವ ಮುನ್ನ ನೆನಪಿಡಬೇಕು.

ಪೊಟ್ಟಣದ ಮೇಲಿನ ಮಾತು

ಗುಣ ಉಳಿಸಿದ ಉದ್ಯಮಿ ಅದನ್ನು ಪೊಟ್ಟಣದ ಮೇಲೆ ಹೇಳಿಕೊಳ್ಳಲು ಬಯಸುವುದು ಸಹಜ. ಇಲ್ಲಿ ಎಚ್ಚರಿಕೆ ಅಗತ್ಯ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಉತ್ಕರ್ಷಣ ನಿರೋಧಕ ಬಲವನ್ನು ಸೂಚಿಸುವ ಒರಾಕ್ ಅಂಕಿಗಳ ಪಟ್ಟಿಯೊಂದನ್ನು ಇಟ್ಟಿತ್ತು. ಪ್ರಯೋಗನಳಿಕೆಯ ಈ ಅಂಕಿಗಳಿಗೂ ಮನುಷ್ಯ ದೇಹದ ಮೇಲಿನ ಪರಿಣಾಮಕ್ಕೂ ಸಂಬಂಧ ಸಿದ್ಧವಾಗಿಲ್ಲ, ಕಂಪನಿಗಳು ಜಾಹೀರಾತಿಗೆ ಇವನ್ನು ದುರುಪಯೋಗ ಮಾಡುತ್ತಿವೆ ಎಂಬ ಕಾರಣ ನೀಡಿ 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ನಮ್ಮಲ್ಲಿ ಆಹಾರವಾಗಿ ಮಾರುವ ಪುಡಿಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಇದೆ. ರೋಗ ಗುಣವಾಗುತ್ತದೆ ಎಂಬ ಮಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ವ್ಯಾಪ್ತಿಗೂ ಬರಬಹುದು. ಉತ್ಕರ್ಷಣ ನಿರೋಧಕ ಅಂಕಿ ಖರೀದಿದಾರ ಮತ್ತು ಮಾರಾಟಗಾರರ ನಡುವೆ ಸಂಸ್ಕರಣೆಯ ಗುಣಮಟ್ಟವನ್ನು ಹೋಲಿಸುವ ಅಳತೆಗೋಲಾಗಿ ಉಪಯುಕ್ತ. ಅದನ್ನು ಆರೋಗ್ಯದ ಭರವಸೆಯಾಗಿ ಗ್ರಾಹಕನಿಗೆ ಮಾರಬಾರದು.

ಒಪ್ಪಂದ ಮತ್ತು ದಾಸ್ತಾನು

ಚೆನ್ನಾಗಿ ಒಣಗಿಸಿದ ಎಲೆಯ ಗುಣ ಗೋದಾಮಿನಲ್ಲಿಯೂ ಇಳಿಯುತ್ತಲೇ ಇರುತ್ತದೆ. ಪುಡಿ ಮಾಡಿದಾಗ ಗಾಳಿಗೆ ಒಡ್ಡಿಕೊಳ್ಳುವ ಮೈ ಹಲವು ಪಟ್ಟು ಹೆಚ್ಚುವುದರಿಂದ ಇಳಿಕೆಯ ವೇಗವೂ ಹೆಚ್ಚು. ಆದ್ದರಿಂದ ಇಡಿಯ ಎಲೆಯಾಗಿಯೇ ಇಟ್ಟುಕೊಂಡು, ಆದೇಶ ಬಂದಾಗ ಪುಡಿ ಮಾಡಿ, ಬೆಳಕು ಮತ್ತು ಗಾಳಿ ನುಸುಳದ ಚೀಲಗಳಲ್ಲಿ ತುಂಬಿ ಕಳುಹಿಸುವುದು ಲಾಭಕರ. ಮೊದಲು ಬಂದ ಸರಕನ್ನು ಮೊದಲು ಹೊರಗೆ ಕಳುಹಿಸುವ ಕ್ರಮವನ್ನು ದಾಸ್ತಾನು ಪುಸ್ತಕದಲ್ಲಿ ಮಾತ್ರವಲ್ಲದೆ ಗೋದಾಮಿನ ನೆಲದ ಮೇಲೂ ಪಾಲಿಸಬೇಕು. ಪುಸ್ತಕದಲ್ಲಿ ಹಳೆಯ ದಾಸ್ತಾನು ಮುಗಿದಿದ್ದು, ಗೋದಾಮಿನ ಹಿಂಬದಿಯ ಮೂಲೆಯಲ್ಲಿ ಕಳೆದ ವರ್ಷದ ಚೀಲಗಳು ಕುಳಿತಿರುವುದು ಅಪರೂಪವೇನಲ್ಲ.

ಖರೀದಿ ಒಪ್ಪಂದದಲ್ಲಿ ಕೆಲವು ಮಾತುಗಳು ಬರಹದಲ್ಲಿರಲೇಬೇಕು: ತೇವಾಂಶದ ಮಿತಿ, ಅಂಕಿ ಒಣ ತೂಕದ ಆಧಾರದ್ದೇ ಎಂಬುದು, ಪರೀಕ್ಷೆಯ ಹೆಸರು ಮತ್ತು ದ್ರಾವಕ, ಯಾವ ಪ್ರಯೋಗಾಲಯದ ವರದಿ ಅಂತಿಮ, ಕಳುಹಿಸಿದ ಎಷ್ಟು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಪ್ರತಿ ಲೋಡಿನಿಂದಲೂ ಇಬ್ಬರ ಸಮ್ಮುಖದಲ್ಲಿ ಮೂರು ಮಾದರಿಗಳನ್ನು ತೆಗೆದು ಮೊಹರು ಮಾಡಿ, ಒಂದನ್ನು ಖರೀದಿದಾರನಿಗೂ ಒಂದನ್ನು ಪ್ರಯೋಗಾಲಯಕ್ಕೂ ಕೊಟ್ಟು, ಮೂರನೆಯದನ್ನು ಮಾರಾಟಗಾರ ತಂಪಾದ ಕತ್ತಲೆ ಜಾಗದಲ್ಲಿ ಕಾದಿರಿಸಬೇಕು. ಎರಡು ತಿಂಗಳ ನಂತರ ಖರೀದಿದಾರನ ಗೋದಾಮಿನಿಂದ ತೆಗೆದ ಮಾದರಿಯಲ್ಲಿ ಅಂಕಿ ಕಡಿಮೆ ಬಂತೆಂಬ ಕಾರಣಕ್ಕೆ ಬಿಲ್ಲಿನಲ್ಲಿ ಕಡಿತ ಮಾಡಿದಾಗ, ಕಡಿಮೆಯಾದದ್ದು ಯಾರ ಗೋದಾಮಿನಲ್ಲಿ ಎಂಬ ಪ್ರಶ್ನೆಗೆ ಆ ಮೂರನೆಯ ಮೊಹರಿನ ಪೊಟ್ಟಣ ಉತ್ತರ ಕೊಡಬಲ್ಲದು.